ಮಳೆಗೆ ಕಟ್ಟಿದ ಕಂಕಣ

ಕರಿ ಹರಳು ಎಂದು ಬೆರಳಿಟ್ಟರೆ ಹರಳಲ್ಲ, ಮೊರದ ಹೆಣಿಗೆಯ ನೆರಳು, ಬೆರಳು ಮತ್ತೆ ಮುಂದಕ್ಕೆ, ಅಕ್ಕಿ, ಅಕ್ಕಿ, ಒಂದು ನೆಲ್ಲು, ಅದನ್ನು ಉಗುರಲ್ಲಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತೇನೆ, ಅಡುಗೆಮನೆಯ ಹೊಸ್ತಿಲಲ್ಲಿ ಕೂತ ನನಗೆ ಪಡಸಾಲೆಯ ನಾಲ್ವರೂ ಕಾಣುತ್ತಾರೆ, ಅವರಿಗೆ ನಾನು ಅರ್ಧ ಮಾತ್ರ ಕಾಣುತ್ತೇನೆ — ಹೀಗೆ ಅರ್ಧ ಕಾಣುವಂತೆ ಕೂರುವುದು ನನಗೆ ಚಿಕ್ಕಂದಿನಿಂದ ಬಂದ ವಿದ್ಯೆ, ಶಾಲೆಯಲ್ಲಿ ಕಲಿತದ್ದು ಮರೆತುಹೋಯಿತು, ಇದು ಉಳಿದಿದೆ. ಅಣ್ಣ ಮೌನಪ್ಪ ಬಾಗಿಲಿಂದ ಒಳಗೆ ಬಂದ ಬಿಸಿಲು ಎಲ್ಲಿಗೆ ಬಂತೆಂದು ನೋಡುತ್ತಾನೆ, ಅವನಿಗೆ ಬಸ್ಸಿನ ಚಿಂತೆ. ಅವ್ವ ಎಲೆಯಡಿಕೆಯ ಚೀಲ ಬಿಚ್ಚುತ್ತಾಳೆ, ಕಟ್ಟುತ್ತಾಳೆ. ಆದೆಮ್ಮಜ್ಜಿ ಕಣ್ಣು ಮುಚ್ಚಿಕೊಂಡಿದ್ದಾಳೆ, ನಿದ್ದೆಯೋ ನೆಪವೋ ಆಕೆಗೇ ಗೊತ್ತು. ಗೋಪಮ್ಮ ಆಸ್ಪತ್ರೆಯಿಂದ ಬಂದವಳು ನರ್ಸಿನ ಬಿಳಿ ಸೀರೆಯನ್ನೂ ಬದಲಿಸದೆ ಗೋಡೆಗೆ ಆನಿಕೊಂಡು ನೆಲ ನೋಡುತ್ತಿದ್ದಾಳೆ, ಗೋಪಮ್ಮ ನೆಲ ನೋಡುವವಳಲ್ಲ, ಡಾಕ್ಟರನ್ನೂ ಎದುರಿಗೆ ನಿಂತು ಕೇಳುವವಳು, ಎಂಟು ದಿನದಿಂದ ಹೀಗೆ, ಎಂಟು ದಿನದಿಂದ ಈ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೂ ಊಟ ಆಯ್ತಾ, ಆಯ್ತು, ನೀರು ಬಂತಾ, ಬಂತು, ಇಷ್ಟೇ. ಅಣ್ಣನ ಕಾಗದ ಬಂದ ದಿನ ಅದನ್ನು ಅವಳೇ ಓದಿ ಹೇಳಿದಳು, ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಅಚ್ಚಿನ ಅಕ್ಷರ ಓದುತ್ತೇನೆ, ಅಣ್ಣನ ಅಕ್ಷರ ಅವಳನ್ನು ಬಿಟ್ಟು ಯಾರ ಕೈಯಲ್ಲೂ ಆಗದು, ಹಿರೇಕೊಟ್ನೆಕಲ್ಲಿನ ಯಂಕೋಬ, ಹೆಂಡತಿ ತೀರಿಕೊಂಡು ಎರಡು ವರ್ಷ, ಒಂದು ಹೆಣ್ಣು ಕೂಸು, ಕುರಿ ಅವ, ಹೊಲ ಅದ, ಸೋಮವಾರ ನಿಶ್ಚಯ, ಅಯ್ಯಮ್ಮನ ಕರಕೊಂಡು ಹೋಗಾಕ ಬರ್ತೀವಿ. ಓದಿ ಮಡಚಿ ಕನ್ನಡಿಯ ಹಿಂದೆ ಸಿಕ್ಕಿಸಿ ಗೋಪಮ್ಮ ಹೇಳಿದಳು, ಹೋಗು, ನಿನಗೂ ಒಂದು ಮನಿ ಅಂತ ಬೇಕಲ್ಲ, ನನ್ನ ಹಿಂದ ಬಂದು ಎಷ್ಟು ದಿನ ರೊಟ್ಟಿ ಬಡೀತಿ. ಮುಖ ತೋರಿಸದೆ ಹೇಳಿದಳು. ನಾನು ಇದು ಯಾರ ಮನಿ ಮತ್ತ ಎಂದು ಕೇಳಬೇಕಿತ್ತು, ಕೇಳಲಿಲ್ಲ, ನನ್ನ ಮಾತು ಯಾವಾಗಲೂ ಮರುದಿನ ಬರುತ್ತದೆ.

ಒಂದು ಹರಳು ಸಿಕ್ಕಿತು, ನಿಜವಾದದ್ದು, ಹೊಸ್ತಿಲಾಚೆ ಎಸೆಯುತ್ತೇನೆ — ಅವರು ಬಂದದ್ದು ಕರೆದುಕೊಂಡು ಹೋಗಲು ಅಷ್ಟೇ ಅಲ್ಲ, ಬಿಚ್ಚಲು ಕೂಡ. ಬಿಚ್ಚದೆ ಕರೆದೊಯ್ಯುವಂತಿಲ್ಲ ಅನ್ನುವುದು ಅವ್ವನ ಹಟ, ಅವ್ವನ ತಲೆಗೆ ಇದನ್ನು ತುಂಬಿದವಳು ಆದೆಮ್ಮಜ್ಜಿ. ಗೋಪಮ್ಮನ ಅಜ್ಜಿ ಆಕೆ, ಗಬ್ಬೂರಿನ ಸೂಲಗಿತ್ತಿ, ನನ್ನ ಹೊಕ್ಕುಳಬಳ್ಳಿ ಕೊಯ್ದವಳೂ ಗೋಪಮ್ಮನದನ್ನು ಕೊಯ್ದವಳೂ ಆಕೆಯೇ, ಹನ್ನೊಂದು ದಿನದ ಅಂತರದಲ್ಲಿ, ಒಂದೇ ಓಣಿಯಲ್ಲಿ. ನಮಗೆ ಒಂಬತ್ತು ವರ್ಷ ಆದಾಗ ಎಪ್ಪತ್ತೆರಡನೆಯ ಇಸವಿ, ಆ ಸಲ ಮಳೆ ಹೋದದ್ದು ತಿರುಗಿ ನೋಡಲಿಲ್ಲ, ಬಾವಿಯ ತಳದಲ್ಲಿ ಕೊಡ ಕುಟ್ಟುವ ಸದ್ದು ಈಗಲೂ ಕಿವಿಯಲ್ಲಿದೆ, ಆಗ ಊರವರು ಮಳೆ ಮದುವೆ ಮಾಡಬೇಕೆಂದರು, ಎರಡು ಹೆಣ್ಣುಮಕ್ಕಳು ಬೇಕು, ಒಂದಕ್ಕೆ ಗಂಡಿನ ವೇಷ. ಗಂಡು ಹುಡುಗನನ್ನೇ ಯಾಕೆ ಕೂರಿಸುವುದಿಲ್ಲ ಎಂದು ಗೋಪಮ್ಮ ಆಗಲೇ ಕೇಳಿದ್ದಳು, ಆದೆಮ್ಮಜ್ಜಿ ಅಂದಳು, ಹುಚ್ಚಿ, ಮಳೆರಾಯಗ ನಗಿ ಬರಬೇಕು, ನಕ್ಕರ ಬಾಯಿ ತೆರಿತಾನ, ಬಾಯಿ ತೆರೆದ್ರ ಹನಿ ಬೀಳತಾವ. ನನಗೆ ಆಗಷ್ಟೇ ದೇವರಿಗೆ ಮುಡಿ ಕೊಟ್ಟು ತಲೆ ಬೋಳಾಗಿತ್ತು, ಹಾಗಾಗಿ ನಾನೇ ಗಂಡ, ಅಪ್ಪನ ರುಮಾಲು, ಇದ್ದಿಲ ಮೀಸೆ, ಮೊಣಕಾಲಿನ ತನಕ ಬಂದ ಅಣ್ಣನ ಅಂಗಿ. ಊರೆಲ್ಲ ನಗುತ್ತಿತ್ತು, ಗಂಡ ಬಾಯಿ ಬಿಡಂಗಿಲ್ಲ, ಹೆಂಡತಿ ಬಾಯಿ ಮುಚ್ಚಂಗಿಲ್ಲ, ಛಲೋ ಜೋಡಿ ಬಿಡ್ರಿ. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅನ್ನಿಸಿತ್ತು, ಪಕ್ಕದಲ್ಲಿ ಗೋಪಮ್ಮ ಹಲ್ಲು ಕಿರಿಯುತ್ತ ಮೊಣಕೈಯಿಂದ ತಿವಿದು, ಏ ಅಯ್ಯಮ್ಮ, ಹೋಳಿಗಿ ಮಾಡ್ಯಾರಂತ, ಸುಮ್ನ ಕುಂದ್ರು. ಎಲ್ಲರ ಮದುವೆಯಂತೆ ಅರಿಶಿಣ ಹಚ್ಚಿದರು, ಕೈಗೆ ಕಂಕಣ ಕಟ್ಟಿದರು, ಅಕ್ಕಿಕಾಳು ಬಿತ್ತು. ಮದುವೆ ಮುಗಿಯಬೇಕಾದರೆ ಕಂಕಣ ಬಿಚ್ಚಬೇಕು, ಗಂಡನದು ಹೆಂಡತಿ, ಹೆಂಡತಿಯದು ಗಂಡ, ಮಳೆ ಮದುವೆಗಂತೂ ಆ ಬಿಚ್ಚುವುದೇ ಬಿಡುಗಡೆ, ಅದಾದ ಮೇಲೆ ಮಕ್ಕಳು ಮತ್ತೆ ಮಕ್ಕಳು. ಆದರೆ ಬಿಚ್ಚುವ ಮೊದಲೇ ಪಡುವಣದಿಂದ ಗಾಳಿ ಎದ್ದಿತು, ಹೋಳಿಗೆ ಎಂದು ತಟ್ಟೆ ಹಿಡಿದವರು ತಟ್ಟೆಯನ್ನು ತಲೆ ಮೇಲೆ ಹಿಡಿದು ಓಡಿದರು, ಎಂಥಾ ಮಳೆ, ಮಣ್ಣಿನ ವಾಸನೆಗೆ ದೊಡ್ಡವರು ಅತ್ತರು, ನನ್ನ ಮೀಸೆ ಕರಗಿ ಕುತ್ತಿಗೆಗೆ ಇಳಿಯಿತು, ಗೋಪಮ್ಮ ಅದನ್ನು ತನ್ನ ಸೆರಗಿನಿಂದ ಒರೆಸಿದಳು, ಕಂಕಣದ ನೆನಪು ಯಾರಿಗೂ ಬರಲಿಲ್ಲ, ದಾರ ತಾನೇ ಕೊಳೆತು ಎಂದೋ ಎಲ್ಲೋ ಬಿತ್ತು.

ಅದು ಮರೆತ ಮಾತು, ಹದಿನಾಲ್ಕು ವರ್ಷ ಯಾರೂ ಎತ್ತಲಿಲ್ಲ, ಎತ್ತುವುದಕ್ಕೆ ಏನಿತ್ತು, ಗೋಪಮ್ಮ ದೇವದುರ್ಗಕ್ಕೆ ಹೈಸ್ಕೂಲಿಗೆ ಹೋದಳು, ಹಾಸ್ಟೆಲಿನಿಂದ ಶನಿವಾರದ ಬಸ್ಸಿಗೆ ಬರುತ್ತಿದ್ದಳು, ನಾನು ಕಳೆ ತೆಗೆಯುವ ಹೊಲದಿಂದ ಬಸ್ಸಿನ ಧೂಳು ಕಾಣುತ್ತಿತ್ತು, ಎಲ್ಲರ ಕೈ ಒಂದು ಸಾಲು ಮುಗಿಸುವಾಗ ನನ್ನದು ಎರಡು ಮುಗಿಸುತ್ತಿತ್ತು, ಶನಿವಾರ ಮಾತ್ರ. ಆಮೇಲೆ ರಾಯಚೂರಿನಲ್ಲಿ ನರ್ಸ್ ತರಬೇತಿ, ಆಮೇಲೆ ಮಾನ್ವಿಗೆ ನೌಕರಿ, ಗಂಡ ಇಲ್ಲದ ಹುಡುಗಿ ಒಬ್ಬಳೇ ಹೇಗೆ ಇರುವುದು ಎಂದು ಓಣಿ ಕೂಡಿ ಮಾತಾಡಿ ನನ್ನನ್ನು ಜೊತೆಗೆ ಕಳಿಸಿತು, ನೌಕರಿ ಸಿಕ್ಕ ಹೆಣ್ಣುಮಗಳ ಜೊತೆಗೆ ಒಬ್ಬ ಮೂಕಿ ಹೋಗುವುದು ಎಲ್ಲರಿಗೂ ಸರಿ ಕಂಡಿತು, ರಾಯಚೂರಿಗೆ ಬಂದು ಬಸ್ಸು ಬದಲಿಸುವಾಗ ತೀನ್ ಕಂದೀಲು ಚೌಕದ ಹತ್ತಿರ ಅವಳು ನನಗೆ ಹಸಿರು ಬಳೆ ಕೊಡಿಸಿದಳು, ಬಳೆಗಾರ ಅಂದ, ಅಕ್ಕ ತಂಗೀರೇನವ್ವಾ, ಗೋಪಮ್ಮ ಅಂದಳು, ಅಲ್ಲ. ಅಷ್ಟೇ. ಏನು ಎಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ, ನಾನು ಮಾತ್ರ ಮಾನ್ವಿ ಬರುವ ತನಕ ಕಿಟಕಿಯಾಚೆ ಜೋಳದ ಹೊಲ ನೋಡುತ್ತ ಆ ‘ಅಲ್ಲ’ವನ್ನು ಹಿಡಿದುಕೊಂಡು ಕೂತಿದ್ದೆ.

ಇನ್ನೊಂದು ಮಧ್ಯಾಹ್ನವಿದೆ, ಅದನ್ನು ನಾನು ಮೊರದಲ್ಲಿ ಹಾಕಿ ದಿನವೂ ಆರಿಸುತ್ತೇನೆ. ಹೋದ ವರ್ಷ ಕಾರಹುಣ್ಣಿಮೆಯ ಮುಂಚೆ, ಸೆಕೆ, ಮನೆಯ ಒಡತಿ ರಂಜಾನಬಿ ಅಂಗಳಕ್ಕೆ ನೀರು ಹೊಡೆಯುತ್ತಿದ್ದಾಳೆ, ಗೋಪಮ್ಮ ಹೊಸ ಕೈಗಡಿಯಾರ ಕೊಂಡಿದ್ದಾಳೆ, ಸೆಕೆಂಡಿನ ಮುಳ್ಳು ಇರುವಂಥದ್ದು, ನಾಡಿ ಎಣಿಸಲಿಕ್ಕೆ ಅದು ಬೇಕು, ಬಾ ಇಲ್ಲಿ, ನಿನ್ನ ಕೈ ಕೊಡು, ಗಡಿಯಾರ ಬರೋಬ್ಬರಿ ಅದನೋ ನೋಡೂಣು. ಮೂರು ಬೆರಳು ನನ್ನ ಮಣಿಕಟ್ಟಿನ ಮೇಲಿಟ್ಟಳು, ತುಟಿಯಲ್ಲಿ ಎಣಿಸುತ್ತಾಳೆ, ನಾನು ಅವಳ ಬೈತಲೆ ನೋಡುತ್ತೇನೆ, ಹಣೆಯ ಬೆವರಿನಲ್ಲಿ ಅಂಟಿದ ಕೂದಲು ಒಂದು, ಅದನ್ನು ತೆಗೆಯಲೋ ಬೇಡವೋ, ಅವಳು ತಲೆ ಎತ್ತಿದಳು, ನೂರಾ ಹನ್ನೆರಡು? ಓಡಿ ಬಂದೀಯೇನು? ಇಲ್ಲ. ಜ್ವರ ಅದನು? ಇಲ್ಲ. ಮತ್ಯಾಕ? ಗೊತ್ತಿಲ್ಲ ಎಂದೆ, ಗೊತ್ತಿತ್ತು. ಅವಳು ಮತ್ತೆ ಎಣಿಸಿದಳು, ಈ ಸಲ ಎಷ್ಟೆಂದು ಹೇಳಲಿಲ್ಲ, ಗಡಿಯಾರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು, ತನ್ನ ಕೈ ಮುಂದೆ ಮಾಡಿದಳು, ನನ್ನದು ಎಣಸು ನೀ. ನನಗ ಬರಂಗಿಲ್ಲ ಎಂದೆ. ನೂರರ ಮಟ ಎಣಸಾಕ ಬರ್ತದಲ್ಲ, ಅಷ್ಟು ಎಣಸು ಸಾಕು. ಎಣಿಸಿದೆ, ಮುಳ್ಳು ಇನ್ನೂ ಸುತ್ತು ಮುಗಿಸುವ ಮೊದಲೇ ನನ್ನ ನೂರು ಮುಗಿದುಹೋಯಿತು, ಅವಳ ನಾಡಿ ನಿಲ್ಲಲಿಲ್ಲ, ನಾನು ತಲೆ ಎತ್ತಿದೆ, ಗೋಪಮ್ಮ ನಗುತ್ತಿರಲಿಲ್ಲ, ಆ ಕೂದಲನ್ನು ನಾನು ಹಣೆಯಿಂದ ತೆಗೆದೆ, ಅವಳು ಕಣ್ಣು ಮುಚ್ಚಿದಳು, ಮುಚ್ಚಿದ ಕಣ್ಣಿಗೆ ತುಟಿ ಇಟ್ಟೆ — ನಾನು, ಅಂಗಡಿಯಲ್ಲಿ ಬೆಲ್ಲ ಕೊಡ್ರಿ ಎಂದು ಕೇಳಲು ಹೆದರುವವಳು. ಹೊರಗೆ ರಂಜಾನಬಿಯ ನೀರು ಅಂಗಳದ ಕಲ್ಲಿನ ಮೇಲೆ ಛಳ್ ಎಂದಿತು. ಮರುದಿನ ಎರಡು ಕೌದಿ ಒಣ ಹಾಕಿದಳು ಗೋಪಮ್ಮ, ಸಂಜೆಗೆ ಒಂದನ್ನೇ ಒಳಗೆ ತಂದು ಹಾಸಿದಳು, ಇನ್ನೊಂದು ಮಡಚಿ ಪೆಟ್ಟಿಗೆಗೆ, ಇಂದಿಗೂ ಪೆಟ್ಟಿಗೆಯಲ್ಲಿದೆ.

ಅಕ್ಕಿ ತಂದೀಯೇನಬೇ ಎನ್ನುತ್ತಾಳೆ ಅವ್ವ, ಮೊರ ಎತ್ತಿಕೊಂಡು ಪಡಸಾಲೆಗೆ ಬರುತ್ತೇನೆ, ಹಿಡಿ ಅಕ್ಕಿ ಅರಿಶಿಣಕ್ಕೆ ಬೇಕಂತೆ, ಮಿಕ್ಕಿದ್ದು ಅನ್ನಕ್ಕೆ. ಯಂಕೋಬನನ್ನು ನಾನು ಹಿಂದೆ ಗಬ್ಬೂರಿಗೆ ಹೋಗಿದ್ದಾಗ ಒಮ್ಮೆ ನೋಡಿದ್ದೇನೆ, ಕೆಟ್ಟವನಲ್ಲ, ಚಹಾ ಕುಡಿಯುವಷ್ಟೂ ಹೊತ್ತು ಅವ್ವನ ಮನೆಯ ಜಂತಿ ಎಣಿಸಿದ, ಅವನಿಗೂ ನಾಚಿಕೆ ಇತ್ತು, ಅವನ ಕೂಸು ನನ್ನ ಬಳೆ ಹಿಡಿದು ಎಳೆಯಿತು, ನನಗೆ ಅವರಿಬ್ಬರ ಮೇಲೂ ಸಿಟ್ಟಿಲ್ಲ. ಸಿಟ್ಟು ಇದ್ದರೆ ಅದು ಗೋಡೆಗೆ ಆನಿಕೊಂಡು ನೆಲ ನೋಡುವವಳ ಮೇಲೆ, ಅವಳು ಓದಿದವಳು, ಸರಿ ಯಾವುದು ಎಂದು ಲೆಕ್ಕ ಹಾಕುವವಳು, ಅಯ್ಯಮ್ಮನಿಗೆ ಗಂಡ, ಹೊಲ, ಮಗು, ತನ್ನ ಹತ್ತಿರ ಏನಿದೆ ಎಂದು ತಾನೇ ತೀರ್ಮಾನಿಸಿ ಕೊಟ್ಟುಬಿಟ್ಟವಳು, ಬಿಚ್ಚು ಎಂದರೆ ಬಿಚ್ಚುತ್ತಾಳೆ, ನನ್ನ ಒಳ್ಳೆಯದಕ್ಕೆ ಎಂದು, ಕಣ್ಣಲ್ಲಿ ನೀರಿಟ್ಟುಕೊಂಡು, ರೋಗಿಯ ಪಟ್ಟಿ ಬಿಚ್ಚುವಷ್ಟೇ ಹಗುರ ಕೈಯಿಂದ. ಅದು ನನ್ನ ಹೆದರಿಕೆ. ಅಣ್ಣನದಲ್ಲ, ಅವ್ವನದಲ್ಲ, ಆ ಹಗುರ ಕೈಯದು.

ಬಿಚ್ಚೂದು ಏನದ ಇಲ್ಲಿ, ಅಂದ ಅಣ್ಣ, ದಾರ ಹೋಗಿ ಹದಿನಾಲ್ಕು ವರ್ಷಾತು, ಇಲ್ಲದ್ದು ಹೆಂಗ ಬಿಚ್ಚತಾರ, ನಡೀರಿ ಸುಮ್ನ. ಆದೆಮ್ಮಜ್ಜಿ ಕಣ್ಣು ತೆರೆಯದೆ ಅಂದಳು, ಅದನ್ನ ನಾನೂ ಹೇಳಾಕತ್ತೀನಿ ಮೌನಪ್ಪ, ದಾರ ಹೋಗ್ಯದ, ಗಂಟು ಹೋಗಿಲ್ಲ. ಅವ್ವ ಗಲ್ಲಕ್ಕೆ ಬಡಿದುಕೊಂಡಳು. ಈ ವರ್ಷ ಮುಂಗಾರು ಎರಡು ಸಲ ಮೋಡ ತೋರಿಸಿ ಹೋಗಿದೆ, ಊರಲ್ಲಿ ಆಗಲೇ ಮಾತು ಹುಟ್ಟಿದೆ, ಮಳೆಗೆ ಕೊಟ್ಟ ಹುಡುಗಿಯನ್ನು ಬಿಡಿಸದೆ ಮತ್ತೊಬ್ಬನಿಗೆ ಕೊಡಲಿಕ್ಕೆ ಹೊಂಟಾರ, ಮಳೆ ಹೆಂಗ ಬಂದೀತು. ಹಂಗಾದ್ರ ಏನು ಮಾಡಬೇಕು ಹೇಳು ಯವ್ವಾ ಎಂದು ಅವ್ವ ಕೈ ಮುಗಿದಳು. ಏನು ಮಾಡೂದು, ಮತ್ತೊಮ್ಮಿ ಕಟ್ಟಬೇಕು, ಕಟ್ಟಿ ಬಿಚ್ಚಬೇಕು, ಕಟ್ಟಲಾರದ್ದು ಬಿಚ್ಚಾಕ ಬರ್ತದೇನು, ಆದೆಮ್ಮಜ್ಜಿ ಈಗ ಕಣ್ಣು ತೆರೆದಳು, ಒಂದು ಕಣ್ಣಿನಲ್ಲಿ ಪೊರೆ, ಇನ್ನೊಂದು ಕೋಳಿಯ ಕಣ್ಣಿನಷ್ಟು ಚುರುಕು, ಅದು ಗೋಪಮ್ಮನ ಮೇಲೆ ಹೋಗಿ ನನ್ನ ಮೇಲೆ ಬಂತು, ಎಷ್ಟು ಹೊತ್ತು ನಿಂತಿತೋ. ಮೊದಲಿನಂಗ ಮಾಡಬೇಕು, ಅರಿಶಿಣ, ಕಂಕಣ, ಅಕ್ಕಿಕಾಳು, ನಿಮ್ಮವ್ವನೂ ಅಣ್ಣನೂ ಹಾಕಬೇಕು. ಲಗೂ ಮಾಡ್ರಿ, ಎರಡರ ಬಸ್ಸು ಹೋಗ್ತದ, ಅಂದ ಅಣ್ಣ, ಅವನಿಗೆ ಬಸ್ಸೊಂದೇ ಕಾಣುತ್ತಿತ್ತು.

ಹಾಗೆ ನನ್ನನ್ನೂ ಗೋಪಮ್ಮನನ್ನೂ ಎದುರು ಬದುರು ಮಣೆ ಮೇಲೆ ಕೂರಿಸಿದರು, ಮಣೆ ಒಂದೇ ಇತ್ತು, ಇನ್ನೊಂದನ್ನು ರಂಜಾನಬಿಯ ಮನೆಯಿಂದ ತಂದರು, ಆಕೆ ಮಣೆಯ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಅವ್ವ ಅರಿಶಿಣ ಕಲಸಿದಳು, ನನ್ನ ಗಲ್ಲಕ್ಕೆ ಹಚ್ಚಿದಳು, ಗೋಪಮ್ಮನ ಗಲ್ಲಕ್ಕೆ ಹಚ್ಚಿದಳು, ಹಚ್ಚುವಾಗ ರೂಢಿಯಿಂದ ಬಾಯಿಗೆ ಸೋಬಾನೆಯ ರಾಗ ಬಂದು ನಾಲಿಗೆ ಕಚ್ಚಿಕೊಂಡಳು. ದಾರ ನೂತದ್ದು ಆದೆಮ್ಮಜ್ಜಿಯೇ, ಗಬ್ಬೂರಿನಿಂದಲೇ ಐದೆಳೆ ಹೊಸೆದು ಅರಿಶಿಣಕೊಂಬು ಕಟ್ಟಿ ಸೆರಗಿನಲ್ಲಿ ತಂದಿದ್ದಳು, ಸೆರಗಿನಲ್ಲಿ ತಂದಿದ್ದಳು ಎಂದರೆ ಬರುವಾಗಲೇ ಗೊತ್ತಿತ್ತು ಆಕೆಗೆ, ಅರಿಶಿಣದ ನೀರಲ್ಲಿ ಅದ್ದಿ ನನ್ನ ಬಲಗೈಗೆ ಕಟ್ಟಿದಳು, ಗೋಪಮ್ಮನ ಎಡಗೈಗೆ ಕಟ್ಟಿದಳು, ಮೂರು ಗಂಟು, ಹೆರಿಗೆ ಮಾಡಿಸಿ ಗಟ್ಟಿಯಾದ ಬೆರಳು, ಎಳೆದ ಗಂಟು ನೀರಿಗೂ ಜಗ್ಗದು. ಅಕ್ಕಿಕಾಳು ಹಾಕ್ರಿ. ನಾನೇ ಹರಳು ಆರಿಸಿದ ಅಕ್ಕಿ, ಅವ್ವ ಹಾಕಿದಳು, ಅಣ್ಣ ಬಸ್ಸಿಗೆ ಕೈ ಮಾಡುವವನಂತೆ ಹಾಕಿದ, ರಂಜಾನಬಿ ಯಾರೂ ಕರೆಯದೆ ಬಂದು ಒಂದು ಹಿಡಿ ಹಾಕಿ ಗಲ್ಲಕ್ಕೆ ಬೆರಳು ಮಡಚಿ ನಟಿಕೆ ಮುರಿದಳು. ಗೋಪಮ್ಮನ ಬಿಳಿ ಸೀರೆಯ ಮೇಲೆ ಹಳದಿ ಅಕ್ಕಿ ಬೀಳುತ್ತದೆ, ಅವಳು ಎಂಟು ದಿನದ ಮೇಲೆ ನನ್ನನ್ನು ನೋಡುತ್ತಾಳೆ, ಅವಳ ಕಂಕಣದ ತುದಿಯಲ್ಲಿ ಹಳದಿ ಹನಿಯೊಂದು ಕೂಡುತ್ತಿದೆ.

ಹಾಂ, ಆತು, ಈಗ ಬಿಚ್ಚರಿ, ಅಂದ ಅಣ್ಣ. ಬಿಚ್ಚೂದು ಇವರ ಕೆಲಸ, ಅಂದಳು ಆದೆಮ್ಮಜ್ಜಿ, ಗಂಡ ಮೊದಲು, ಒಂದೇ ಕೈಲೆ, ಬ್ಯಾರೆ ಯಾರೂ ಮುಟ್ಟಂಗಿಲ್ಲ, ಮುಟ್ಟಿದವರ ಹೊಲಕ್ಕ ಹನಿ ಬೀಳಂಗಿಲ್ಲ. ಗಂಡ ಎಂದರೆ ನಾನು. ಎಲ್ಲರೂ ನನ್ನನ್ನು ಪೂರ್ತಿ ನೋಡುತ್ತಿದ್ದಾರೆ, ಹೊಸ್ತಿಲಿಲ್ಲ, ಕಂಬವಿಲ್ಲ, ಅರ್ಧ ಅಡಗಲಿಕ್ಕೆ ಏನೂ ಇಲ್ಲ. ಗೋಪಮ್ಮ ತಾನೇ ಎಡಗೈ ನನ್ನ ಮುಂದೆ ಚಾಚಿದಳು, ನೋಡಿದಿರಾ, ಚಾಚಿದಳು, ನನಗೆ ಸುಲಭ ಆಗಲಿ ಎಂದು ಗಂಟನ್ನು ಮೇಲೆ ತಿರುಗಿಸಿ, ಬಿಚ್ಚು ಅಯ್ಯಮ್ಮ, ಅಂದಳು ಮೆಲ್ಲಗೆ. ಹನಿ ಬೀಳಲಿಲ್ಲ, ತುದಿಯಲ್ಲಿ ದಪ್ಪವಾಗುತ್ತಿದೆ. ನನ್ನ ಕೈ ಹೋಯಿತು, ಎಲ್ಲರೂ ನೋಡುತ್ತಿದ್ದಂತೆ ಹೋಯಿತು, ಗಂಟನ್ನು ದಾಟಿ ಹೋಯಿತು, ಅವಳ ಅಂಗೈಯಲ್ಲಿ ಕೂತಿತು, ಹಿಡಿಯಿತು. ನಾ ಬಿಚ್ಚಂಗಿಲ್ಲ. ಯಾರ ದನಿ ಇದು, ಹೊಲದಾಚೆಗೆ ದನ ಕರೆಯುವಂಥ ದನಿ, ಸುಣ್ಣದ ಗೋಡೆಗೆ ಬಡಿದು ತಿರುಗಿ ನನಗೇ ಬಂತು, ಈ ಸಲ ಮಾತು ಮರುದಿನ ಬರಲಿಲ್ಲ, ಹೊತ್ತಿಗೆ ಸರಿಯಾಗಿ ಬಂತು, ಮತ್ತೊಂದೂ ಬಂತು, ನಮ್ಮ ಮನಿ ಇದ, ನಾ ಎಲ್ಲಿಗೂ ಬರಂಗಿಲ್ಲ, ಯಂಕೋಬಗ ಬ್ಯಾರೆ ಛಲೋ ಹೆಣ್ಣು ನೋಡ್ರಿ. ಅವ್ವ, ಯವ್ವಾ ಇಕಿಗಿ ಬಾಯಿ ಬಂತಲ್ಲ. ಅಣ್ಣ ಎದ್ದ, ಲೇ ಅಯ್ಯಮ್ಮ, ಹುಚ್ಚು ಹಿಡಿದದೇನು, ಸರಿ ಆಕಡೆ, ನಾನೇ ಹರೀತೀನಿ, ಬಾಗಿ ಕೈ ಹಾಕಿದ, ಅವ್ವ ಕಿರುಚಿದಳು, ಮುಟ್ಟಬ್ಯಾಡೋ ಮೌನಪ್ಪ, ಮೂರೆಕರೆ ಬಿತ್ತೀವೋ, ಹೊಟ್ಟಿಗಿ ಏನು ತಿಂತಿ. ಅಣ್ಣನ ಕೈ ಗಾಳಿಯಲ್ಲೇ ನಿಂತಿತು, ಹೆದರಿದ ಕೈ, ದಾರಕ್ಕಿಂತ ಒಂದು ಗೇಣು ಮೇಲೆ. ಬಾಗಿಲಿಂದ ರಂಜಾನಬಿ ಅವ್ವನಿಗೆ, ಅಯ್ಯೋ ಅಲ್ಲಾ, ಏನ್ರೀ ಕನಕವ್ವಾ, ಬಿಚ್ಚಾಕಂತ ಬಂದು ಶಾದಿ ಮಾಡಿ ಹೊಂಟೀರಲ್ರೀ. ಆದೆಮ್ಮಜ್ಜಿಯ ಹೊಟ್ಟೆ ಕುಣಿಯುತ್ತಿದೆ, ಕೆಮ್ಮು ಎಂಬಂತೆ ಸೆರಗು ಬಾಯಿಗೆ ಇಟ್ಟುಕೊಂಡಿದ್ದಾಳೆ, ನನ್ನ ಅವ್ವ, ನನ್ನ ಅಣ್ಣ, ತಮ್ಮ ಕೈಯಾರೆ, ಹಗಲು ಹೊತ್ತಿನಲ್ಲಿ, ಅರಿಶಿಣ ಹಚ್ಚಿ, ಅಕ್ಕಿಕಾಳು ಹಾಕಿ —

ಆದರೆ ಇನ್ನೊಂದು ಕೈ ಉಳಿದಿದೆ, ನನ್ನ ಕಂಕಣ ಬಿಚ್ಚುವ ಕೈ, ಆ ಹಗುರ ಕೈ, ಅಣ್ಣನಿಗೂ ಅದು ಹೊಳೆಯಿತು, ಅವನು ಗೋಪಮ್ಮನ ಕಡೆ ತಿರುಗಿ ದನಿ ಇಳಿಸಿದ, ಸಿಟ್ಟಿಲ್ಲದೆ, ಬೇಡುವಂತೆ, ನೀ ನೌಕರಿ ಮಾಡೂ ಹೆಣ್ಣುಮಗಳು, ನಿನಗ ತಿಳಿತದ. ಗೋಪಮ್ಮನ ಬೆರಳು ನನ್ನ ಅಂಗೈಯಲ್ಲಿ ಅಲುಗಾಡಿತು, ಬಿಡಿಸಿಕೊಳ್ಳುತ್ತಾಳೆ ಅಂದುಕೊಂಡೆ, ಬಿಡಿಸಿಕೊಳ್ಳಲಿಲ್ಲ, ಒಂದೊಂದೇ ಬೆರಳು ಮಡಚಿ ನನ್ನ ಕೈಯನ್ನು ಒಳಗೆ ಹಾಕಿಕೊಂಡಿತು, ಎಲುಬು ನೋಯುವಷ್ಟು ಗಟ್ಟಿ, ಹಗುರ ಕೈಗೆ ಇಷ್ಟು ಬಲ ಎಲ್ಲಿತ್ತು, ಅವಳ ಮುಖದ ತುಂಬ ಅರಿಶಿಣ, ಅರಿಶಿಣದ ಮೇಲೆ ಕಣ್ಣೀರು, ಅದರ ನಡುವೆ ಆ ಹಳೆಯ ಹಲ್ಲು ಕಿರಿಯುವ ನಗು, ನಾನು ನೋಡುತ್ತಿರುವುದು ಮಾತ್ರ ಹನಿಯನ್ನು, ದಾರದ ತುದಿಯ ಹಳದಿ ಹನಿ, ತುಂಬಿದೆ, ಬೀಳುವುದಿಲ್ಲ, ಒಳಗೆ ಕಿಟಕಿಯೂ ಬಾಗಿಲೂ ಅಣ್ಣನೂ ತಲೆಕೆಳಗಾಗಿ ನಿಂತ ಹನಿ, ಬೀಳುವುದಿಲ್ಲ, ಹಳದಿ —

ನೀನರ ಬಿಚ್ಚವ್ವಾ ಗೋಪಮ್ಮ, ಎಂದ ಅಣ್ಣ, ಅವಳ ಹಿಡಿ ಸಡಿಲಲಿಲ್ಲ.

ಹನಿ.